ಪಿಲಾತನ ಪ್ರಾಂತಕ್ಕೆ ಕಾಲಯಾನ: ವಿಜ್ಞಾನ ಕಥೆಗಳ ಯೂದಾಯವೂ ನಮ್ಮ ಶುಭ ಶುಕ್ರವಾರವೂ

ಕ್ರೈಸ್ತ ಸಭೆಯು ಆರಾಧನೆಯಲ್ಲಿ ಅರಿಕೆಮಾಡುವ ವಿಶ್ವಾಸಪ್ರಮಾಣದಲ್ಲಿ ಕ್ರಿಸ್ತನನ್ನು ಬಿಟ್ಟರೆ ಇಬ್ಬರು ಮನುಷ್ಯರ ಹೆಸರುಗಳು ಮಾತ್ರ ಇವೆ. ಒಂದು ಕನ್ಯೆ ಮರಿಯಳದು, ಇನ್ನೊಂದು ಪೊಂತ್ಯ ಪಿಲಾತನದು. ತಾಯಿಯ ಹೆಸರು ಅಲ್ಲಿರುವುದು ಸಹಜ. ಆದರೆ ರೋಮನ್ ಸಾಮ್ರಾಜ್ಯದ ಅಂಚಿನ ಒಂದು ಸಣ್ಣ ಪ್ರಾಂತವನ್ನು ಹತ್ತು ವರ್ಷ ಆಳಿ ಹೋದ ಅಧಿಕಾರಿಯ ಹೆಸರನ್ನು ಜಗತ್ತಿನ ಸಭೆಗಳೆಲ್ಲ ಇಂದಿಗೂ ಬಾಯಲ್ಲಿ ಹೇಳುತ್ತಿರುವುದು ಯೋಚಿಸಬೇಕಾದ ಸಂಗತಿ. ಕ್ರಿ.ಶ. 325ರ ನಿಕಾಯ ಮಹಾಸಭೆಯ ಪಾಠದಲ್ಲಿ ಕರ್ತನು ಬಾಧೆಪಟ್ಟನೆಂಬ ಮಾತು ಇತ್ತು, ಪಿಲಾತನ ಹೆಸರಿರಲಿಲ್ಲ. 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯದೆಂದು ನಾವು ಓದುವ ಪಾಠದಲ್ಲಿ ಅದು ಸೇರಿದೆ. ರೋಮಿನ ಸಭೆಯ ಹಳೆಯ ವಿಶ್ವಾಸಪ್ರಮಾಣದಲ್ಲಿ ಅದು ಇನ್ನೂ ಮೊದಲೇ ಇತ್ತು. ರಕ್ಷಣೆಯ ಕಾರ್ಯವು ಗೊತ್ತಾದ ಒಂದು ಸೀಮೆಯಲ್ಲಿ, ಗೊತ್ತಾದ ಒಬ್ಬ ಅಧಿಕಾರಿಯ ಕಾಲದಲ್ಲಿ ನಡೆಯಿತೆಂಬುದನ್ನು ಸಭೆಯು ಎಂದೂ ಬಿಟ್ಟುಕೊಟ್ಟಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಇದೇ ಪ್ರಾಂತಕ್ಕೆ ಬೇರೊಂದು ದಾರಿಯಿಂದ ಹೋದವರಿದ್ದಾರೆ. ಅವರು ವಿಜ್ಞಾನ ಕಥೆಗಳ ಲೇಖಕರು. ಎಚ್. ಜಿ. ವೆಲ್ಸ್ 1895ರಲ್ಲಿ ಕಾಲಯಂತ್ರದ ಕಲ್ಪನೆಯನ್ನು ಜನಪ್ರಿಯಗೊಳಿಸಿದ ಮೇಲೆ ಆ ಯಂತ್ರವನ್ನು ಹತ್ತಿಸಿಕೊಂಡು ಪಾತ್ರಗಳನ್ನು ಎಲ್ಲೆಲ್ಲಿಗೋ ಕಳುಹಿಸಲಾಯಿತು. ನಮ್ಮ ನೆರೆಯ ತೆಲುಗಿನಲ್ಲಿ 1991ರಲ್ಲಿ ಸಿಂಗೀತಂ ಶ್ರೀನಿವಾಸ ರಾವ್ ನಿರ್ದೇಶಿಸಿದ 'ಆದಿತ್ಯ 369' ಚಲನಚಿತ್ರದ ಕಾಲಯಂತ್ರವು ಕೃಷ್ಣದೇವರಾಯನ ವಿಜಯನಗರಕ್ಕೆ ಹೋಗುತ್ತದೆ. ಗತವೈಭವವನ್ನು ಕಣ್ಣಾರೆ ಕಾಣುವ ಆಸೆ ಅಲ್ಲಿ ಕೆಲಸಮಾಡಿದೆ. ಪಾಶ್ಚಾತ್ಯ ಲೇಖಕರ ಯಂತ್ರಗಳು ಮತ್ತೆ ಮತ್ತೆ ಬಂದಿಳಿದ ಯೂದಾಯದಲ್ಲಿ ಅಂಥ ವೈಭವವೇನೂ ಇರಲಿಲ್ಲ. ಅಲ್ಲಿ ಅವರು ನೋಡಬಯಸಿದ್ದು ಒಂದು ಮರಣದಂಡನೆಯನ್ನು. ಹೀಗೆ ನೋಡಬಯಸುವ ಮನಸ್ಸು ಏನನ್ನು ಹುಡುಕುತ್ತಿದೆ, ಅದಕ್ಕೆ ಇತಿಹಾಸವೂ ದೈವಶಾಸ್ತ್ರವೂ ಏನು ಉತ್ತರ ಕೊಡಬಲ್ಲವು, ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಸಭೆಗಳಲ್ಲಿ ಶುಭ ಶುಕ್ರವಾರದ ಪ್ರಸಂಗ ಮಾಡುವ ಸಭಾಪಾಲಕನಿಗೆ ಇದರಿಂದ ಏನು ಪ್ರಯೋಜನ ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ.

ಪ್ರಾಂತದ ಸ್ವರೂಪ

ಕಥೆಗಳಿಗೆ ಹೋಗುವ ಮುನ್ನ ಪ್ರಾಂತವನ್ನು ನೋಡಬೇಕು. ಮಹಾ ಹೆರೋದನ ಮಗ ಅರ್ಖೆಲಾಯನನ್ನು ಔಗುಸ್ತ ಚಕ್ರವರ್ತಿ ಕ್ರಿ.ಶ. 6ರಲ್ಲಿ ಪದಚ್ಯುತಗೊಳಿಸಿ ಗಡೀಪಾರು ಮಾಡಿದಾಗ ಯೂದಾಯ, ಸಮಾರ್ಯ, ಇದೂಮಾಯ ಸೀಮೆಗಳು ರೋಮಿನ ನೇರ ಆಡಳಿತಕ್ಕೆ ಬಂದವು. ಸಿರಿಯದ ಅಧಿಪತಿ ಕುರೇನ್ಯನು ಜನರನ್ನೂ ಆಸ್ತಿಯನ್ನೂ ಲೆಕ್ಕಕ್ಕೆ ಬರೆಸಿದನು. ಗಲಿಲಾಯದ ಯೂದನು ಅದರ ವಿರುದ್ಧ ದಂಗೆ ಎಬ್ಬಿಸಿದನು; ಅಪೊಸ್ತಲರ ಕೃತ್ಯಗಳು 5ನೆಯ ಅಧ್ಯಾಯದಲ್ಲಿ ಗಮಲಿಯೇಲನು ನೆನಪಿಸುವುದು ಅವನನ್ನೇ. ಹೀಗೆ ಆ ಪ್ರಾಂತದ ಚರಿತ್ರೆ ತೆರಿಗೆಯ ಲೆಕ್ಕದಿಂದಲೂ ಅದಕ್ಕೆ ತೋರಿದ ಪ್ರತಿಭಟನೆಯಿಂದಲೂ ಆರಂಭವಾಗುತ್ತದೆ.

ಪಿಲಾತನು ಸುಮಾರು 26ರಿಂದ 36ರವರೆಗೆ ಅಲ್ಲಿ ಅಧಿಕಾರದಲ್ಲಿದ್ದನು. ಇತಿಹಾಸಕಾರ ಟಾಸಿಟಸನು ಅವನನ್ನು ಪ್ರೊಕ್ಯುರೇಟರ್ ಎಂದು ಕರೆದಿದ್ದಾನೆ. ಆದರೆ 1961ರಲ್ಲಿ ಸಮುದ್ರತೀರದ ಕೈಸರಿಯದ ರಂಗಮಂದಿರದಲ್ಲಿ ಇಟಲಿಯ ಉತ್ಖನನಕಾರರಿಗೆ ಸಿಕ್ಕ ಒಡೆದ ಶಾಸನದಲ್ಲಿ ಅವನ ಹುದ್ದೆ ಯೂದಾಯದ ಪ್ರಿಫೆಕ್ಟ್ ಎಂದಿದೆ. ಇದು ಸೈನಿಕ ಸ್ವರೂಪದ ಹುದ್ದೆ. ಅವನ ವಾಸ ಕೈಸರಿಯದಲ್ಲಿ. ಹಬ್ಬಗಳಲ್ಲಿ ಜನ ಸೇರುವಾಗ ಮಾತ್ರ ಕಾವಲಿಗಾಗಿ ಯೆರೂಸಲೇಮಿಗೆ ಬರುತ್ತಿದ್ದನು. ಅವನ ಕೈಕೆಳಗೆ ಇದ್ದವು ಸಹಾಯಕ ಪಡೆಗಳು, ಅವುಗಳಲ್ಲಿ ಬಹುಪಾಲು ಆ ಸೀಮೆಯ ಸುತ್ತಮುತ್ತಲಿಂದಲೇ ಸೇರಿಸಿಕೊಂಡ ಸಿಪಾಯಿಗಳು. ರೋಮಿನ ದೊಡ್ಡ ಲೀಜನ್ ಪಡೆಗಳು ಇದ್ದದ್ದು ಸಿರಿಯದಲ್ಲಿ. ಚಲನಚಿತ್ರಗಳಲ್ಲಿ ಕಾಣುವ, ರೋಮಿನಿಂದ ಬಂದ ಕೆಂಪು ಮೇಲಂಗಿಯ ಸೈನ್ಯವನ್ನು ಕಲ್ಪಿಸಿಕೊಂಡು ಹೋದ ಪ್ರಯಾಣಿಕನಿಗೆ ಮೊದಲ ದಿನವೇ ನಿರಾಶೆಯಾಗುತ್ತಿತ್ತು. ಶಿಲುಬೆಯ ಕೆಳಗೆ ಚೀಟುಹಾಕಿದ ಸಿಪಾಯಿಗಳು ಬಹುಶಃ ನೆರೆಯೂರಿನವರೇ ಆಗಿದ್ದರು.

ಇನ್ನೊಂದು ವಿಷಯವನ್ನು ನಮ್ಮ ಪ್ರಸಂಗಗಳು ಸಾಮಾನ್ಯವಾಗಿ ಮರೆಯುತ್ತವೆ. ಯೇಸುವಿನ ಕಾಲದಲ್ಲಿ ಗಲಿಲಾಯ ಪಿಲಾತನ ಪ್ರಾಂತಕ್ಕೆ ಸೇರಿರಲಿಲ್ಲ. ಅದು ರೋಮಿಗೆ ಅಧೀನನಾದ ಹೆರೋದ ಅಂತಿಪನ ಪಾಳೆಯವಾಗಿತ್ತು. ಆದುದರಿಂದಲೇ ಲೂಕನ ಸುವಾರ್ತೆ 23ರಲ್ಲಿ, ಆಪಾದಿತನು ಗಲಿಲಾಯದವನೆಂದು ಕೇಳಿದೊಡನೆ ಪಿಲಾತನು ಅವನನ್ನು ಹೆರೋದನ ಬಳಿಗೆ ಕಳುಹಿಸುತ್ತಾನೆ. ಯೇಸು ಬೆಳೆದದ್ದು, ಕೆಲಸಮಾಡಿದ್ದು, ಸೇವೆಯ ಬಹುಭಾಗವನ್ನು ನಡೆಸಿದ್ದು ಆ ಪ್ರಾಂತದ ಗಡಿಯಾಚೆ. ಆತನು ಪ್ರಾಂತದೊಳಕ್ಕೆ ಹೋದದ್ದು ಹಬ್ಬಕ್ಕಾಗಿ, ಕಡೆಯ ಸಲ ಸಾಯುವುದಕ್ಕಾಗಿ. ವಿಶ್ವಾಸಪ್ರಮಾಣವು ಪಿಲಾತನ ಹೆಸರನ್ನು ಜನನಕ್ಕಾಗಲಿ ಬೋಧನೆಗಾಗಲಿ ಜೋಡಿಸದೆ ಬಾಧೆಗೆ ಜೋಡಿಸಿರುವುದು ಚರಿತ್ರೆಯ ದೃಷ್ಟಿಯಿಂದಲೂ ಎಷ್ಟು ಕರಾರುವಾಕ್ಕಾಗಿದೆ ಎಂಬುದು ಇದರಿಂದ ತಿಳಿಯುತ್ತದೆ.

ಆ ಪ್ರಾಂತದಲ್ಲಿ ಶಿಲುಬೆ ಅಪರೂಪದ ವಸ್ತುವಾಗಿರಲಿಲ್ಲ. 1968ರಲ್ಲಿ ಯೆರೂಸಲೇಮಿನ ಉತ್ತರಕ್ಕೆ ಒಂದು ಸಮಾಧಿಗುಹೆಯಲ್ಲಿ ಮೂಳೆಪೆಟ್ಟಿಗೆಯೊಂದು ಸಿಕ್ಕಿತು. ಅದರ ಮೇಲೆ ಯೆಹೋಹಾನಾನ್ ಎಂಬ ಹೆಸರು ಕೊರೆದಿತ್ತು. ಒಳಗಿದ್ದ ಹಿಮ್ಮಡಿಯ ಮೂಳೆಯಲ್ಲಿ ಕಬ್ಬಿಣದ ಮೊಳೆ ಹಾಗೆಯೇ ಉಳಿದಿತ್ತು. ಮೊಳೆಯ ತುದಿ ಬಾಗಿದ್ದರಿಂದ ಹೊರಗೆ ಕೀಳಲಾಗಲಿಲ್ಲವೆಂದು ವಿದ್ವಾಂಸರು ಹೇಳುತ್ತಾರೆ. ರೋಮನ್ನರು ಶಿಲುಬೆಗೇರಿಸಿದವರು ಸಾವಿರಾರು ಮಂದಿ. ನೆಲವು ನಮಗೆ ಹಿಂದಿರುಗಿಸಿದ ಸ್ಪಷ್ಟ ಸಾಕ್ಷ್ಯ ಮಾತ್ರ ಇಂಥ ಬೆರಳೆಣಿಕೆಯಷ್ಟು.

ಮೂರು ಕಥೆಗಳು, ಮೂರು ಸ್ಥಾನಗಳು

ಇಂಥ ಪ್ರಾಂತಕ್ಕೆ ಬಂದಿಳಿಯುವ ಕಾಲಯಾತ್ರಿಕನು ಎಲ್ಲಿ ನಿಲ್ಲಬೇಕು? ಈ ಬಗೆಯ ಕಥೆಗಳನ್ನು ಓದಿದಾಗ ಮುಖ್ಯವಾಗಿ ಮೂರು ಸ್ಥಾನಗಳು ಕಾಣುತ್ತವೆ.

ಮೊದಲನೆಯದು ಯೇಸುವಿನ ಸ್ಥಾನವೇ. ಬ್ರಿಟಿಷ್ ಲೇಖಕ ಮೈಕೆಲ್ ಮೂರ್‌ಕಾಕ್ 1966ರಲ್ಲಿ ನೀಳ್ಗತೆಯಾಗಿ ಪ್ರಕಟಿಸಿ 1969ರಲ್ಲಿ ಕಾದಂಬರಿಯಾಗಿ ಬೆಳೆಸಿದ 'ಬಿಹೋಲ್ಡ್ ದ ಮ್ಯಾನ್' ಈ ಗುಂಪಿನಲ್ಲಿ ಹೆಚ್ಚು ಪ್ರಸಿದ್ಧವಾದುದು. ಕಾರ್ಲ್ ಗ್ಲೋಗರ್ ಎಂಬವನು, ಮನಸ್ಸಿನಲ್ಲಿ ನೆಲೆಯಿಲ್ಲದೆ ತೊಳಲುವ ಲಂಡನ್ನಿನ ವ್ಯಕ್ತಿ, ಯೇಸುವನ್ನು ಕಾಣಲೇಬೇಕೆಂದು ಕ್ರಿ.ಶ. 28ಕ್ಕೆ ಹೋಗುತ್ತಾನೆ. ಅವನ ಯಂತ್ರ ಒಡೆದುಹೋಗುತ್ತದೆ. ಹಿಂದಿರುಗುವ ದಾರಿ ಇಲ್ಲ. ನಜರೇತಿನಲ್ಲಿ ಅವನು ಕಾಣುವುದು ಬುದ್ಧಿ ಬೆಳೆಯದ, ಗೂನುಬೆನ್ನಿನ ಒಬ್ಬನನ್ನು. ಸುವಾರ್ತೆಗಳ ಯೇಸು ಇಲ್ಲದಿರುವುದನ್ನು ಸಹಿಸಲಾರದೆ ಅವನೇ ಆ ಪಾತ್ರವನ್ನು ವಹಿಸಿಕೊಂಡು, ತಾನು ಓದಿದ್ದ ಸುವಾರ್ತೆಗಳಂತೆಯೇ ಮಾತಾಡಿ, ನಡೆದು, ಕಡೆಗೆ ಶಿಲುಬೆಗೇರುತ್ತಾನೆ. ಅನೇಕ ವಿಶ್ವಾಸಿಗಳಿಗೆ ಈ ಕೃತಿ ದೂಷಣೆಯಾಗಿ ತೋರಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ದೈವಶಾಸ್ತ್ರದ ವಿದ್ಯಾರ್ಥಿಯು ಇದನ್ನು ಬೇರೊಂದು ರೀತಿಯಲ್ಲೂ ಓದಬಹುದು. ತನ್ನ ಅಗತ್ಯಕ್ಕೆ ತಕ್ಕ ಕ್ರಿಸ್ತನನ್ನು ಹುಡುಕಿಕೊಂಡು ಚರಿತ್ರೆಗೆ ಹೋದವನು ಕಡೆಗೆ ಅಲ್ಲಿ ತನ್ನನ್ನೇ ಕೂರಿಸಿ ಬರುತ್ತಾನೆ ಎಂಬುದರ ನಿದರ್ಶನ ಅದರಲ್ಲಿದೆ.

ಎರಡನೆಯದು ನೋಡುಗನ ಸ್ಥಾನ. ಜರ್ಮನಿಯ ಆಂಡ್ರಿಯಾಸ್ ಎಶ್‌ಬಾಖ್ 1998ರಲ್ಲಿ ಪ್ರಕಟಿಸಿದ 'ಯೇಸುವಿನ ವಿಡಿಯೊ' ಎಂಬರ್ಥದ ಹೆಸರಿನ ಕಾದಂಬರಿಯಲ್ಲಿ, ಇಸ್ರೇಲಿನ ಉತ್ಖನನವೊಂದರಲ್ಲಿ ಎರಡು ಸಾವಿರ ವರ್ಷ ಹಳೆಯ ಅಸ್ಥಿಪಂಜರದ ಜೊತೆಗೆ, ಇನ್ನೂ ಮಾರುಕಟ್ಟೆಗೇ ಬಾರದ ವಿಡಿಯೊ ಕ್ಯಾಮೆರಾದ ಕೈಪಿಡಿ ಸಿಗುತ್ತದೆ. ಹಾಗಾದರೆ ಯಾರೋ ಒಬ್ಬನು ಹಿಂದಕ್ಕೆ ಹೋಗಿ ಯೇಸುವನ್ನು ಚಿತ್ರೀಕರಿಸಿರಬೇಕು; ಕ್ಯಾಮೆರಾ ಎಲ್ಲೋ ಹುದುಗಿರಬೇಕು. ಅದಕ್ಕಾಗಿ ಮಾಧ್ಯಮದ ದೊಡ್ಡ ಉದ್ಯಮಿಯೂ ಸಭೆಯ ಅಧಿಕಾರಿಗಳೂ ಪೈಪೋಟಿಗಿಳಿಯುತ್ತಾರೆ. ಒಂದು ದೃಶ್ಯಮುದ್ರಿಕೆ ಸಿಕ್ಕರೆ ವಾದವೆಲ್ಲ ಮುಗಿಯಿತೆಂಬ ನಂಬಿಕೆಯೇ ಆ ಪೈಪೋಟಿಯ ಮೂಲ. ಇಂದಿನ ಯುವಜನರ ಕೂಟಗಳಲ್ಲಿ ಸಭಾಪಾಲಕರಿಗೆ ಎದುರಾಗುವ ಪ್ರಶ್ನೆಯೂ ಇದೇ: ಆಗ ಮೊಬೈಲ್ ಇದ್ದಿದ್ದರೆ ಎಲ್ಲರೂ ನಂಬುತ್ತಿರಲಿಲ್ಲವೇ?

ಮೂರನೆಯದು ಜನಸಂದಣಿಯ ಸ್ಥಾನ. ಗ್ಯಾರಿ ಕಿಲ್ವರ್ತ್ ಎಂಬ ಬ್ರಿಟಿಷ್ ಲೇಖಕ 1970ರ ದಶಕದ ನಡುವೆ ಬರೆದ 'ಲೆಟ್ಸ್ ಗೋ ಟು ಗೊಲ್ಗೊಥಾ' ಎಂಬ ಸಣ್ಣಕಥೆ ಇಲ್ಲಿ ನಮಗೆ ಹೆಚ್ಚು ಮುಖ್ಯ. ಮುಂದಿನ ಕಾಲದ ಪ್ರವಾಸಿ ಸಂಸ್ಥೆಯೊಂದು ಕುಟುಂಬಗಳನ್ನು ಶಿಲುಬೆಯ ದಿನಕ್ಕೆ ಪ್ರವಾಸ ಕರೆದೊಯ್ಯುತ್ತದೆ. ಚರಿತ್ರೆ ಬದಲಾಗಬಾರದೆಂಬ ಕಾರಣಕ್ಕೆ ಪ್ರವಾಸಿಗಳಿಗೆ ಒಂದು ನಿಯಮ ಕಲಿಸಿರುತ್ತಾರೆ: ಯಾರನ್ನು ಬಿಡಬೇಕೆಂದು ಅಧಿಕಾರಿ ಕೇಳಿದಾಗ ಜನರ ಜೊತೆಗೂಡಿ ಬರಬ್ಬನ ಹೆಸರನ್ನೇ ಕೂಗಬೇಕು. ಎಲ್ಲರೂ ಹಾಗೆಯೇ ಕೂಗುತ್ತಾರೆ. ಬಳಿಕ ಅವರಲ್ಲೊಬ್ಬನು ಸುತ್ತ ನೋಡಿ ನಡುಗುತ್ತಾನೆ. ಕೂಗಿದವರೆಲ್ಲ ಪ್ರವಾಸಿಗಳೇ. ಆ ಊರಿನ ಯೆಹೂದ್ಯರು ಬಾಗಿಲು ಮುಚ್ಚಿಕೊಂಡು ಮನೆಯೊಳಗೆ ಪ್ರಾರ್ಥನೆಯಲ್ಲಿದ್ದಾರೆ.

ಅಮೆರಿಕದ ರಾಬರ್ಟ್ ಸಿಲ್ವರ್‌ಬರ್ಗ್ ತನ್ನ 1969ರ ಕಾದಂಬರಿ 'ಅಪ್ ದ ಲೈನ್'ನಲ್ಲಿ ಇದಕ್ಕೆ ಸಮೀಪವಾದ ತೊಡಕೊಂದನ್ನು ಎತ್ತಿದ್ದನು. ಮುಂದಿನ ತಲೆಮಾರುಗಳ ಪ್ರವಾಸಿಗಳೆಲ್ಲ ಒಂದೇ ಮಧ್ಯಾಹ್ನಕ್ಕೆ ಹೋಗುತ್ತಿದ್ದರೆ ಗೊಲ್ಗೊಥಾದ ಸುತ್ತ ಲೆಕ್ಕವಿಲ್ಲದಷ್ಟು ಜನ ಸೇರಿರಬೇಕಾಗಿತ್ತು. ಹಾಗೆ ಸೇರಿದ್ದರೆಂದು ಯಾವ ದಾಖಲೆಯೂ ಹೇಳುವುದಿಲ್ಲ. ಸಿಲ್ವರ್‌ಬರ್ಗನಿಗೆ ಇದು ತರ್ಕದ ಒಗಟು, ಕಿಲ್ವರ್ತನಿಗೆ ಆತ್ಮಸಾಕ್ಷಿಯ ಪ್ರಶ್ನೆ.

ಕಣ್ಣು ಕೊಡಲಾರದ್ದು

ಈ ಕಥೆಗಳು ಎತ್ತಿದ ಪ್ರಶ್ನೆಗಳು ದೈವಶಾಸ್ತ್ರಕ್ಕೆ ಹೊಸವಲ್ಲ. ಯಂತ್ರವಿಲ್ಲದೆಯೇ ಆ ಪ್ರಯಾಣ ಮಾಡಿದ ವಿದ್ವಾಂಸರ ದೊಡ್ಡ ಪರಂಪರೆ ಇದೆ. ಆಲ್ಬರ್ಟ್ ಶ್ವೈಟ್ಸರ್ 1906ರಲ್ಲಿ, ಅದುವರೆಗೆ ಬಂದಿದ್ದ ಯೇಸುವಿನ ಚರಿತ್ರೆಗಳನ್ನು ಒಂದೊಂದಾಗಿ ಪರೀಕ್ಷಿಸಿ, ಪ್ರತಿಯೊಂದು ಕಾಲವೂ ತನ್ನದೇ ವಿಚಾರಗಳನ್ನು ಯೇಸುವಿನಲ್ಲಿ ಕಂಡಿತೆಂದು ತೋರಿಸಿದನು. ಮೂರು ವರ್ಷಗಳ ಬಳಿಕ ಜಾರ್ಜ್ ಟಿರೆಲ್, ಹಾರ್ನಾಕನನ್ನು ಕುರಿತು ಬರೆಯುತ್ತಾ, ಆಳವಾದ ಬಾವಿಯ ತಳದಲ್ಲಿ ತನ್ನದೇ ಮುಖದ ಪ್ರತಿಬಿಂಬ ನೋಡುವವನ ಉಪಮೆ ಕೊಟ್ಟನು. ಮೂರ್‌ಕಾಕನ ಗ್ಲೋಗರ್ ಅದೇ ಬಾವಿಗೆ ಇಳಿದು ತಳದಲ್ಲೇ ಉಳಿದವನು. ಅರುವತ್ತು ವರ್ಷಗಳ ಹಿಂದೆ ಪಂಡಿತರು ಕೊಟ್ಟಿದ್ದ ಎಚ್ಚರಿಕೆಯನ್ನು ಕಾದಂಬರಿಕಾರನು ಪಾತ್ರವಾಗಿ ಮಾಡಿದಂತಿದೆ.

ಎಶ್‌ಬಾಖನ ಕ್ಯಾಮೆರಾಗೆ ಉತ್ತರ ಇನ್ನೂ ಹಿಂದಿನದು. ಲೆಸ್ಸಿಂಗ್ 1777ರಲ್ಲಿ, ಚರಿತ್ರೆಯ ಆಕಸ್ಮಿಕ ಸತ್ಯಗಳಿಗೂ ಬುದ್ಧಿಯ ನಿತ್ಯ ಸತ್ಯಗಳಿಗೂ ನಡುವೆ ದಾಟಲಾಗದ ಹಳ್ಳವೊಂದಿದೆ ಎಂದು ವಾದಿಸಿದ್ದನು. ಡೆನ್ಮಾರ್ಕಿನ ಕೀರ್ಕೆಗಾರ್ಡ್ 1844ರಲ್ಲಿ ಜೊಹಾನೆಸ್ ಕ್ಲಿಮಾಕಸ್ ಎಂಬ ಗುಪ್ತನಾಮದಿಂದ ಬರೆದ ಸಣ್ಣ ಗ್ರಂಥದಲ್ಲಿ ಆ ಹಳ್ಳವನ್ನು ಬೇರೊಂದು ಕಡೆಯಿಂದ ನೋಡಿದನು. ದೇವರು ದಾಸನ ರೂಪದಲ್ಲಿ ಬಂದಾಗ ಆತನ ಜೊತೆಯಲ್ಲೇ ಬದುಕಿದ, ಆತನ ಹಿಂದೆಯೇ ನಡೆದ, ಆತನ ಒಂದೊಂದು ಮಾತನ್ನೂ ಬರೆದಿಟ್ಟುಕೊಂಡ ಸಮಕಾಲೀನನಿಗೆ ನಮಗಿಂತ ಹೆಚ್ಚೇನು ಸಿಕ್ಕಿತು? ಕಣ್ಣಿಗೆ ಕಂಡದ್ದು ದಾಸನ ರೂಪ. ದೇವರನ್ನು ಕಂಡದ್ದು ನಂಬಿಕೆ, ಮತ್ತು ನಂಬುವ ಶಕ್ತಿಯನ್ನು ಕೊಟ್ಟವನು ದೇವರೇ. ಹೀಗಿರುವಾಗ ಮೊದಲ ತಲೆಮಾರಿನ ಶಿಷ್ಯನಿಗೂ ಕಡೆಯ ತಲೆಮಾರಿನ ಶಿಷ್ಯನಿಗೂ ಅಂತರವಿಲ್ಲ, ಎರಡನೆಯ ಕೈಯಿಂದ ಪಡೆದ ಶಿಷ್ಯತ್ವವೆಂಬುದೇ ಇಲ್ಲ ಎಂಬುದು ಅವನ ನಿರ್ಣಯ.

ಇದನ್ನು ಸುವಾರ್ತೆಗಳೇ ದೃಢಪಡಿಸುತ್ತವೆ. ಆ ಶುಕ್ರವಾರ ಗೊಲ್ಗೊಥಾದಲ್ಲಿ ಕಣ್ಣಾರೆ ಕಂಡವರು ಕಡಿಮೆಯೇನಿರಲಿಲ್ಲ. ಸಿಪಾಯಿಗಳು ಕಂಡರು, ದಾರಿಹೋಕರು ಕಂಡರು, ಯಾಜಕರು ಕಂಡರು. ಹೆಚ್ಚಿನವರು ಕಂಡು ಮನೆಗೆ ಹೋದರು. ಮಾರ್ಕನ ಪ್ರಕಾರ ಅರಿಕೆಮಾಡಿದವನು ಒಬ್ಬ ಶತಾಧಿಪತಿ. ತೋಮನ ಪ್ರಸಂಗದ ಕಡೆಯಲ್ಲಿ ಯೋಹಾನನ ಸುವಾರ್ತೆಯು ಕಾಣದೆ ನಂಬುವವರನ್ನು ಧನ್ಯರೆಂದು ಕರೆಯುವಾಗ, ತಡವಾಗಿ ಹುಟ್ಟಿದವರಿಗೆ ಸಮಾಧಾನ ಹೇಳುತ್ತಿಲ್ಲ. ಮೊದಲಿನವರಿಗೂ ಕಡೆಯವರಿಗೂ ಒಂದೇ ಬಾಗಿಲು ಎಂದು ತಿಳಿಸುತ್ತಿದೆ. ಮೊಬೈಲ್ ಇದ್ದಿದ್ದರೆ ಎಂದು ಕೇಳುವ ಯುವಕನಿಗೆ ಹೇಳಬೇಕಾದ ಉತ್ತರ ಇಷ್ಟೇ: ಚಿತ್ರ ಇರುತ್ತಿತ್ತು, ಪ್ರಶ್ನೆಯೂ ಹಾಗೆಯೇ ಉಳಿದಿರುತ್ತಿತ್ತು.

ಹಾಗೆಂದು ಚರಿತ್ರೆ ಬೇಡವೆನ್ನಲಾಗದು. ಪಿಲಾತನ ಹೆಸರನ್ನು ವಿಶ್ವಾಸಪ್ರಮಾಣದಿಂದ ತೆಗೆದರೆ ಶಿಲುಬೆಯು ಒಂದು ಸಂಕೇತವಾಗಿ, ಎಲ್ಲೂ ನಡೆಯದ ನೀತಿಕಥೆಯಾಗಿ ಉಳಿಯುತ್ತದೆ. ಚರಿತ್ರೆಯು ನಂಬಿಕೆಯನ್ನು ಹುಟ್ಟಿಸಲಾರದು. ಆದರೆ ನಾವು ನಂಬುವ ದೇವರು ಎಂಥ ಸ್ಥಳಕ್ಕೆ ಬಂದನೆಂಬುದನ್ನು ಅದು ಹೇಳಬಲ್ಲದು.

ಯಶವಂತಪುರದ ಬೆಳ್ಳಿ, ಕನ್ನಡದ ಮಾತು

ಆ ಸ್ಥಳದ ಒಂದು ತುಣುಕು ನಮ್ಮ ನೆಲದಲ್ಲೇ ಸಿಕ್ಕಿದೆ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ನೂರಕ್ಕೂ ಮಿಕ್ಕ ರೋಮನ್ ಬೆಳ್ಳಿ ನಾಣ್ಯಗಳ ನಿಧಿಯೊಂದು ಹೊರಬಂದಿತು. ಔಗುಸ್ತ, ತಿಬೇರಿಯ, ಕ್ಲೌದಿಯ ಚಕ್ರವರ್ತಿಗಳ ನಾಣ್ಯಗಳು ಅದರಲ್ಲಿದ್ದವು. ಮುಂದೆ ಎಚ್.ಎ.ಎಲ್. ಪ್ರದೇಶದಲ್ಲೂ ಇಂಥದೇ ನಿಧಿ ಸಿಕ್ಕಿತು. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನವೂ ರೋಮನ್ ನಾಣ್ಯಗಳನ್ನು ಕೊಟ್ಟಿದೆ. ಯಶವಂತಪುರ ಇರುವುದು ನೆಲಮಂಗಲಕ್ಕೆ ಹೋಗುವ ತುಮಕೂರು ರಸ್ತೆಯಲ್ಲಿ. 1986ರಲ್ಲಿ ಗ್ರಾಮಾಂತರ ಜಿಲ್ಲೆ ಬೇರೆಯಾಗುವವರೆಗೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳೂ ಯಶವಂತಪುರವೂ ಒಂದೇ ಬೆಂಗಳೂರು ಜಿಲ್ಲೆಯವು.

ಮಾರ್ಕನ ಸುವಾರ್ತೆ 12ರಲ್ಲಿ ಯೇಸು ಕೈಗೆ ತರಿಸಿಕೊಂಡು ಇದರ ಮೇಲೆ ಯಾರ ತಲೆ ಎಂದು ಕೇಳಿದ ದೆನಾರಿಯಸ್ ನಾಣ್ಯವು ತಿಬೇರಿಯನದೆಂದೇ ವಿದ್ವಾಂಸರು ಬಹುಕಾಲದಿಂದ ಗುರುತಿಸಿದ್ದಾರೆ. ಇಲ್ಲೊಂದು ಕುತೂಹಲದ ಸಂಗತಿಯಿದೆ. ಯೆರೂಸಲೇಮಿನ ಸುತ್ತ ಆ ಕಾಲದ ದೆನಾರಿಯಸ್‌ಗಳು ಉತ್ಖನನಗಳಲ್ಲಿ ಸಿಕ್ಕಿರುವುದು ಬಹಳ ಕಡಿಮೆ. ಅಲ್ಲಿ ಬೆಳ್ಳಿಯೆಂದರೆ ಹೆಚ್ಚಾಗಿ ತೂರಿನ ನಾಣ್ಯ. ದಕ್ಷಿಣ ಭಾರತದಲ್ಲಾದರೋ ಔಗುಸ್ತ ಮತ್ತು ತಿಬೇರಿಯನ ದೆನಾರಿಯಸ್‌ಗಳ ನಿಧಿಗಳು ಒಂದರ ಮೇಲೊಂದು ಸಿಕ್ಕಿವೆ. ಮೆಣಸು, ಮುತ್ತು, ರತ್ನಗಳಿಗಾಗಿ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಭಾರತಕ್ಕೆ ಹರಿದುಹೋಗುತ್ತಿದೆಯೆಂದು ಮೊದಲನೆಯ ಶತಮಾನದ ಪ್ಲಿನಿ ಗೊಣಗಿದ್ದನು. ಮತ್ತಾಯನ ದ್ರಾಕ್ಷಾತೋಟದ ಸಾಮ್ಯದಲ್ಲಿ ಒಂದು ದೆನಾರಿಯಸ್ ಒಬ್ಬ ಆಳಿನ ಒಂದು ದಿನದ ಕೂಲಿ. ಹಾಗಾದರೆ ಯಶವಂತಪುರದ ಮಡಕೆಯಲ್ಲಿದ್ದದ್ದು ನೂರಕ್ಕೂ ಹೆಚ್ಚು ದಿನಗಳ ದುಡಿಮೆ. ಕಾಲಯಂತ್ರವಿಲ್ಲದೆಯೇ ಆ ಲೋಕದ ಒಂದು ವಸ್ತು ನಮ್ಮ ಹೊಲಗಳ ಮಣ್ಣಿಗೆ ಬಂದು ಸೇರಿತ್ತು. ಅದು ತೆರಿಗೆಯ ಮತ್ತು ಕೂಲಿಯ ಲೋಕ.

ನಾಣ್ಯದಂತೆ ಮಾತೂ ಪ್ರಯಾಣ ಮಾಡಿದೆ. ರೋಮಿನ ಇನ್ನೊಂದು ಪ್ರಾಂತವಾದ ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕ 413ನೆಯ ಸಂಖ್ಯೆಯ ಪಪೈರಸ್ಸಿನಲ್ಲಿ, ಸುಮಾರು ಎರಡನೆಯ ಶತಮಾನದ ಗ್ರೀಕ್ ಪ್ರಹಸನವೊಂದಿದೆ. ಗ್ರೆನ್‌ಫೆಲ್ ಮತ್ತು ಹಂಟ್ ಅದನ್ನು 1903ರಲ್ಲಿ ಪ್ರಕಟಿಸಿದರು. ಭಾರತದ ಕರಾವಳಿಯಲ್ಲಿ ಸೆರೆಯಾಗಿದ್ದ ಖಾರಿತಿಯೋನ್ ಎಂಬ ಗ್ರೀಕ್ ಯುವತಿಯನ್ನು, ಅಲ್ಲಿಯ ಅರಸನಿಗೆ ಮದ್ಯ ಕುಡಿಸಿ ಮೈಮರೆಸಿ, ಅವಳ ಕಡೆಯವರು ಬಿಡಿಸಿಕೊಂಡು ಹೋಗುತ್ತಾರೆ. ಅರಸನ ಬಾಯಲ್ಲಿ ಬರುವ ಪರಭಾಷೆಯ ಮಾತುಗಳು ಕನ್ನಡವಿರಬಹುದೆಂದು ಹುಲ್ಟ್ಸ್ ಸೂಚಿಸಿದರು, ಆರ್. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಆ ಚರ್ಚೆಯನ್ನು ಮುಂದುವರಿಸಿದರು. ಒಪ್ಪದ ವಿದ್ವಾಂಸರೂ ಇದ್ದಾರೆ, ಅದು ತುಳುವೆಂದವರೂ ಇದ್ದಾರೆ. ನಮ್ಮ ಪ್ರಕರಣಕ್ಕೆ ಮುಖ್ಯವಾದ ವಿಷಯವೆಂದರೆ, ಆ ಪ್ರಾಂತದ ಪ್ರೇಕ್ಷಕರು ನಮ್ಮ ಕರಾವಳಿಯನ್ನು ನಗೆಯ ವೇಷದಲ್ಲಿ ರಂಗಕ್ಕೆ ತಂದಿದ್ದರು ಎಂಬುದು. ದೂರದ ನಾಡು ಯಾವಾಗಲೂ ನೋಡುವವನ ಅಗತ್ಯಕ್ಕೆ ತಕ್ಕಂತೆ ವೇಷ ತೊಡುತ್ತದೆ. ಯೂದಾಯವನ್ನು ಕುರಿತು ನಾವು ಮಾಡುವುದೂ ಇದಕ್ಕಿಂತ ಬೇರೆಯಾಗಿರಬೇಕಾದರೆ ಎಚ್ಚರ ಬೇಕು.

ಅಂಥ ಎಚ್ಚರದ ಕನ್ನಡ ಮಾದರಿಯೊಂದು ಅದೇ ಗೋವಿಂದ ಪೈಗಳಲ್ಲಿ ಸಿಗುತ್ತದೆ. ಕಾಸರಗೋಡಿನ ಮಂಜೇಶ್ವರದವರಾದ, 1949ರಲ್ಲಿ ಮದ್ರಾಸು ಸರ್ಕಾರದಿಂದ ರಾಷ್ಟ್ರಕವಿ ಗೌರವ ಪಡೆದ ಈ ಗೌಡ ಸಾರಸ್ವತ ಕವಿ 'ಗೊಲ್ಗೊಥಾ' ಖಂಡಕಾವ್ಯದಲ್ಲಿ ಯೇಸುವಿನ ಕಡೆಯ ದಿನವನ್ನೂ 'ವೈಶಾಖಿ'ಯಲ್ಲಿ ಬುದ್ಧನ ಕಡೆಯ ದಿನವನ್ನೂ ಚಿತ್ರಿಸಿದರು. ಶಾಸನಗಳ ಕಾಲನಿರ್ಣಯದಲ್ಲಿ ಆಯುಸ್ಸು ಕಳೆದ ಸಂಶೋಧಕನು ಕಾವ್ಯದಲ್ಲಿ ಒಂದೇ ಒಂದು ದಿನದ ಮುಂದೆ ನಿಂತದ್ದು ಗಮನಾರ್ಹ. ಕನ್ನಡದ ಓದುಗನು ಯೂದಾಯಕ್ಕೆ ಮಾಡಿದ ಕಾಲಯಾನವೆಂದು ಯಾವುದನ್ನಾದರೂ ಕರೆಯುವುದಾದರೆ ಅದನ್ನೇ ಕರೆಯಬೇಕು. ಅಲ್ಲಿ ಯಾತ್ರಿಕನು ತನ್ನನ್ನು ಯೇಸುವಿನ ಸ್ಥಾನದಲ್ಲಿ ಕೂರಿಸಿಕೊಳ್ಳುವುದಿಲ್ಲ, ಸಾಕ್ಷ್ಯವನ್ನು ಕೈಗೆ ತೆಗೆದುಕೊಂಡು ಬರಲು ಹೋಗುವುದೂ ಇಲ್ಲ. ಪರಧರ್ಮದವನೊಬ್ಬನು ಗೌರವದಿಂದ ಶಿಲುಬೆಯ ಬಳಿ ನಿಲ್ಲುತ್ತಾನೆ.

ಪ್ರಸಂಗಪೀಠದ ಮೇಲೆ

ಇಷ್ಟನ್ನು ಗಮನಿಸಿದ ಮೇಲೆ ಸಭಾಪಾಲಕನ ಕೆಲಸಕ್ಕೆ ಬರೋಣ. ಶುಭ ಶುಕ್ರವಾರ ಪ್ರಸಂಗಿಯೂ ಒಬ್ಬ ಮಾರ್ಗದರ್ಶಿ. ತನ್ನ ಸಭೆಯನ್ನು ಪಿಲಾತನ ಪ್ರಾಂತಕ್ಕೆ ಕರೆದೊಯ್ಯುತ್ತಾನೆ. ಎಲ್ಲಿ ನಿಲ್ಲಿಸುತ್ತಾನೆ ಎಂಬುದು ಪ್ರಶ್ನೆ.

ಮೊದಲನೆಯ ತಪ್ಪು, ಜನರನ್ನು ಸಂದಣಿಯಿಂದ ಹೊರಗೆ ಇಟ್ಟು ಸುರಕ್ಷಿತವಾದ ಕಟ್ಟೆಯ ಮೇಲೆ ಕೂರಿಸುವುದು. ಯೆಹೂದ್ಯರು ಹೀಗೆ ಮಾಡಿದರು, ಯೆಹೂದ್ಯರು ಹೀಗೆ ಕೂಗಿದರು ಎಂದು ಸಲೀಸಾಗಿ ಹೇಳುವ ಪ್ರಸಂಗವು ಒಂದು ಜನಾಂಗವನ್ನೇ ಆಪಾದಿತರ ಸ್ಥಾನದಲ್ಲಿ ನಿಲ್ಲಿಸುತ್ತದೆ. ಮತ್ತಾಯ 27ರ ರಕ್ತದ ಮಾತನ್ನು ಶತಮಾನಗಳುದ್ದಕ್ಕೂ ಹಾಗೆ ಓದಿ ಯೂರೋಪಿನ ಕ್ರೈಸ್ತರು ತಮ್ಮ ನೆರೆಯ ಯೆಹೂದ್ಯರಿಗೆ ಮಾಡಿದ ಅನ್ಯಾಯಗಳು ನಮಗೆ ಗೊತ್ತಿವೆ. ನಮ್ಮ ಹಳ್ಳಿಗಳಲ್ಲಿ ಯೆಹೂದ್ಯರಿಲ್ಲ, ಆದುದರಿಂದ ಅಪಾಯವಿಲ್ಲವೆಂದು ತಿಳಿಯಬಾರದು. ಅಲ್ಪಸಂಖ್ಯಾತ ಸಮುದಾಯವೊಂದನ್ನು ಒಟ್ಟಾಗಿ ದೂಷಿಸುವುದು ಏನೆಂದು ಸ್ವತಃ ಅಲ್ಪಸಂಖ್ಯಾತರಾದ ನಾವು ಬಲ್ಲೆವು. ಕಿಲ್ವರ್ತನ ಸಣ್ಣಕಥೆ ಚರಿತ್ರೆಯಲ್ಲಿ ನಡೆದದ್ದನ್ನು ಹೇಳುತ್ತಿಲ್ಲ. ಆದರೆ ಆರಾಧನೆಯಲ್ಲಿ ನಡೆಯಬೇಕಾದ್ದನ್ನು ಹೇಳುತ್ತಿದೆ. ಕೂಗಿದವರು ನಾವು, ದೂರದಿಂದ ಬಂದ ನೋಡುಗರು. ಅನೇಕ ಸಭೆಗಳಲ್ಲಿ ಬಾಧೆಯ ಚರಿತ್ರೆಯನ್ನು ಓದುವಾಗ ಸಂದಣಿಯ ಮಾತುಗಳನ್ನು ಜನರೇ ಹೇಳುವ ಪದ್ಧತಿಯಿದೆ. ಅದರ ಅರ್ಥವನ್ನು ಜನರಿಗೆ ಬಿಡಿಸಿ ಹೇಳುವುದು ಒಳ್ಳೆಯದು.

ಎರಡನೆಯ ತಪ್ಪು, ಪ್ರಾಂತವನ್ನು ಪರದೆಯಾಗಿ ಮಾಡುವುದು. ಕಿರೀಟ, ಕತ್ತಿ, ಕೆಂಪು ಬಟ್ಟೆಗಳ ಹಿಂದೆ ತೆರಿಗೆಯ ಲೆಕ್ಕ ಮರೆಯಾಗುತ್ತದೆ. ನಮ್ಮ ಹಳೆಯ ಸತ್ಯವೇದ ಭಾಷಾಂತರಕಾರರು ಈ ವಿಷಯದಲ್ಲಿ ನಮಗಿಂತ ಜಾಣರು. ಲೂಕ 2ರ ಜನಗಣತಿಗೆ ಅವರು ಮೈಸೂರು ಸೀಮೆಯ ಕಂದಾಯ ಕಚೇರಿಯ ಮಾತಾದ ಖಾನೇಷುಮಾರಿಯನ್ನು ಬಳಸಿದರು. ಸುಂಕದವನು, ದೇಶಾಧಿಪತಿ, ಶತಾಧಿಪತಿ ಎಂಬ ಮಾತುಗಳೂ ಹಾಗೆಯೇ. ಕೇಳಿದ ರೈತನಿಗೆ ಅಲ್ಲಿ ನಡೆಯುತ್ತಿದ್ದದ್ದು ತನ್ನ ಊರಿಗೂ ಬರುವ ಆಡಳಿತವೆಂದು ತಕ್ಷಣ ಅರ್ಥವಾಯಿತು.

ಇಂದಿನ ಕೇಳುಗರಿಗೂ ಅದು ಅರ್ಥವಾಗುತ್ತದೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಜಮೀನನ್ನು ಸ್ವಾಧೀನಪಡಿಸಿಕೊಳ್ಳುವ ಯೋಜನೆಯ ವಿರುದ್ಧ ರೈತರು 2022ರಿಂದ ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕುಳಿತರು. 2025ರ ಜುಲೈಯಲ್ಲಿ ಸರ್ಕಾರ ಅದನ್ನು ಕೈಬಿಡುವುದಾಗಿ ಪ್ರಕಟಿಸಿತು. ಎಲ್ಲೋ ಬರೆದ ಕಾಗದ ತಮ್ಮ ಹೊಲದ ಹಣೆಬರಹವಾಗುವುದನ್ನು ಆ ಊರುಗಳ ಜನ ಬಲ್ಲರು. ಈ ಹೋಲಿಕೆಗೆ ಮಿತಿಯಿದೆ, ಅದನ್ನೂ ಹೇಳಬೇಕು. ಇಲ್ಲಿ ಧರಣಿ ಸಾಧ್ಯವಾಯಿತು, ನಿರ್ಧಾರ ಬದಲಾಯಿತು. ಪಿಲಾತನ ಪ್ರಾಂತದಲ್ಲಿ ಗಲಿಲಾಯದವರ ರಕ್ತ ಅವರ ಯಜ್ಞಗಳ ರಕ್ತದೊಡನೆ ಬೆರೆಯಿತೆಂದು ಲೂಕ 13 ತಿಳಿಸುತ್ತದೆ. ದೇವಾಲಯದ ಹಣದಿಂದ ನೀರುಗಾಲುವೆ ಕಟ್ಟಿಸಿದ್ದನ್ನು ಪ್ರತಿಭಟಿಸಿದವರನ್ನು ಪಿಲಾತನ ಸಿಪಾಯಿಗಳು ದೊಣ್ಣೆಗಳಿಂದ ಹೊಡೆದರೆಂದು ಯೋಸೇಫನು ಬರೆದಿದ್ದಾನೆ. ಈ ಎರಡನ್ನೂ ಒಟ್ಟಿಗೆ ಹೇಳಿದಾಗ ಮಾತ್ರ, ದೇವರ ಮಗನು ಯಾವ ಬಗೆಯ ಜನರ ನಡುವೆ, ಯಾವ ಬಗೆಯ ಅಧಿಕಾರದ ಮುಂದೆ ನಿಂತನೆಂಬುದು ನಮ್ಮ ಸಭೆಗೆ ತಿಳಿಯುತ್ತದೆ.

ಮೂರನೆಯ ಮಾತು ಪ್ರಭುಭೋಜನಕ್ಕೆ ಸೇರಿದ್ದು. ಕಾಲಯಂತ್ರದ ಕಥೆಗಳಲ್ಲಿ ಮನುಷ್ಯನು ಕ್ರಿಸ್ತನ ಕಾಲಕ್ಕೆ ಹೋಗುತ್ತಾನೆ. ಸಭೆಯ ವಿಶ್ವಾಸದಲ್ಲಿ ದಿಕ್ಕು ಬೇರೆ. ನನ್ನ ಜ್ಞಾಪಕಾರ್ಥವಾಗಿ ಮಾಡಿರೆಂದು ಆಜ್ಞಾಪಿಸಿದವನು ತಾನೇ ನಮ್ಮ ಕಾಲಕ್ಕೆ ಬರುತ್ತಾನೆ. ಆ ಬರುವಿಕೆಯನ್ನು ವಿವರಿಸುವುದರಲ್ಲಿ ನಮ್ಮ ಸಭೆಗಳ ನಡುವೆ ಭೇದಗಳಿವೆ. ಬರುವವನು ಆತನೇ ಎಂಬುದರಲ್ಲಿ ಭೇದವಿಲ್ಲ. ಕೀರ್ಕೆಗಾರ್ಡನು ಹುಡುಕಿದ ಸಮಕಾಲೀನತೆ ದೊಡ್ಡಬಳ್ಳಾಪುರದ ನೇಕಾರನಿಗೂ ಹೊಸಕೋಟೆಯ ಕಾರ್ಖಾನೆಯ ಕೆಲಸಗಾರ್ತಿಗೂ ದೊರೆಯುವುದು ಅಲ್ಲಿಯೇ.

ಹೀಗಿರುವುದರಿಂದ ಈ ಕಥೆಗಳನ್ನು ಓದುವ ಯುವಜನರನ್ನು ಸಭಾಪಾಲಕರು ಗದರಿಸಬೇಕಾಗಿಲ್ಲ. ಅವರೊಡನೆ ಕುಳಿತು ಓದಿ, ಯಾತ್ರಿಕನು ಎಲ್ಲಿ ನಿಂತಿದ್ದಾನೆಂದು ಕೇಳಬೇಕು. ಬಳಿಕ ಅದೇ ಪ್ರಶ್ನೆಯನ್ನು ತಮ್ಮ ಮುಂದಿನ ಶುಭ ಶುಕ್ರವಾರದ ಪ್ರಸಂಗಕ್ಕೂ ಕೇಳಿಕೊಳ್ಳಬೇಕು.